ಆರಿದ ಅಗ್ನಿಪರ್ವತದ ಹೊಟ್ಟೆಯೊಳಗೆ ಒಂದು ದಿನ

ಆಫ್ರಿಕಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ಬೀದಿಯ ಹೆಂಗಸರು ಇನ್ನೂ ನಂಬುವುದಿಲ್ಲ. ನಂಬದಿದ್ದರೆ ಅವರದೇನೂ ತಪ್ಪಿಲ್ಲ ಬಿಡಿ. ಎಸ್.ಎಸ್.ಎಲ್.ಸಿ. ಮುಗಿಸಿ, ಇಪ್ಪತ್ತಕ್ಕೆ ಮದುವೆಯಾಗಿ, ಶಿವಮೊಗ್ಗದ ಅಡುಗೆಮನೆಯಲ್ಲೇ ಇಷ್ಟು ವರ್ಷ ಕಳೆದವಳು ನಾನು. ಧರ್ಮಸ್ಥಳ, ತಿರುಪತಿ, ಒಂದು ಸಲ ಕಾಶಿ. ಅಷ್ಟೇ ನನ್ನ ದೇಶ ಸಂಚಾರ. ನನ್ನ ಮೈದುನ ಟಾಂಜಾನಿಯಾದ ಅರೂಷಾ ಊರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಹನ್ನೆರಡು ವರ್ಷದಿಂದ “ಅತ್ತಿಗೆ, ಒಂದು ಸಲ ಬನ್ನಿ” ಅಂತ ಕರೆಯುತ್ತಲೇ ಇದ್ದ. ಮಗಳು ಹಾಸ್ಟೆಲ್ ಸೇರಿದಳು, ಮಾವನವರ ವರ್ಷಾಂತಿಕವೂ ಮುಗಿಯಿತು. 2024ರ ಸೆಪ್ಟೆಂಬರಿನಲ್ಲಿ ನಾನೂ ನಮ್ಮವರೂ ಹೊರಟೇಬಿಟ್ಟೆವು.

ಮೊದಲಿಗೆ ನನಗಾದ ಫಜೀತಿಯನ್ನು ಹೇಳಿಬಿಡುತ್ತೇನೆ. ಓರಗಿತ್ತಿಗೆಂದು ಚಟ್ನಿಪುಡಿ, ಹುರಿಟ್ಟು, ಹಪ್ಪಳ, ಸಾರಿನ ಪುಡಿ ಎಲ್ಲ ಕಟ್ಟಿಕೊಂಡಿದ್ದೆ. ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲೇ! ಆ ದೇಶದಲ್ಲಿ 2019ರ ಜೂನ್‌ನಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ಪೂರ್ತಿ ನಿಷೇಧ, ಹೊರಗಿನಿಂದ ಬರುವವರೂ ತರುವಂತಿಲ್ಲ. ಆಡಿಸ್ ಅಬಾಬದಲ್ಲಿ ವಿಮಾನ ಬದಲಿಸುವಾಗ ಇದು ಗೊತ್ತಾಯಿತು. ಅಲ್ಲೇ ಮೂಲೆಯಲ್ಲಿ ಕೂತು ಕವರುಗಳನ್ನೆಲ್ಲ ಬಿಚ್ಚಿ, ನಮ್ಮವರ ಎರಡು ಪಂಚೆಗಳಲ್ಲಿ ಗಂಟು ಕಟ್ಟಿದೆ. ಪಂಚೆಗೆ ಹತ್ತಿದ ಸಾರಿನ ಪುಡಿಯ ಬಣ್ಣ ಇನ್ನೂ ಹೋಗಿಲ್ಲ. ನೀವೇನಾದರೂ ಹೋಗುವುದಾದರೆ ಬಟ್ಟೆ ಚೀಲ, ಸ್ಟೀಲ್ ಡಬ್ಬಿಗಳನ್ನೇ ಇಟ್ಟುಕೊಳ್ಳಿ.

ಅರೂಷಾದಲ್ಲಿ ಎರಡು ದಿನ ಸುಧಾರಿಸಿಕೊಂಡು ಗೊರೊಂಗೊರೊ ನೋಡಲು ಹೊರಟೆವು. ಈ ಹೆಸರನ್ನು ಸರಿಯಾಗಿ ಹೇಳಬೇಕಾದರೆ ಮೊದಲಲ್ಲಿ ನಮ್ಮ ಅಕ್ಷರಮಾಲೆಯ ‘ಙ’ ಬೇಕು. ಒಂದನೇ ಕ್ಲಾಸಿನಲ್ಲಿ ಕೈ ನೋಯುವಷ್ಟು ತಿದ್ದಿದ ಆ ಅಕ್ಷರ ಉಪಯೋಗಕ್ಕೆ ಬಂದದ್ದು ನನಗೆ ಇದೇ ಮೊದಲು ನೋಡಿ. ಅಲ್ಲಿಯ ದನಗಾಹಿ ಜನ ಮಾಸಾಯಿಗಳು. ದನದ ಕೊರಳ ಗಂಟೆ ‘ಙ್ಗೊರೊ ಙ್ಗೊರೊ’ ಎಂದು ಸದ್ದು ಮಾಡುತ್ತದಲ್ಲ, ಅದರಿಂದಲೇ ಅವರು ಈ ಜಾಗಕ್ಕೆ ಆ ಹೆಸರಿಟ್ಟರು ಎಂದು ಹೇಳುತ್ತಾರೆ.

ಹಾದಿಯಲ್ಲಿ ಮಟೋ ವಾ ಎಂಬು ಎಂಬ ಊರು ಸಿಗುತ್ತದೆ. ಸೊಳ್ಳೆ ಹೊಳೆ ಎಂದು ಅದರ ಅರ್ಥ. ಹೆಸರು ಹೀಗಿದ್ದರೂ ಊರು ಬಾಳೆತೋಟಗಳಿಂದ ತುಂಬಿ ತಂಪಾಗಿದೆ. ನಮ್ಮ ಚಂದ್ರಬಾಳೆಯ ಹಾಗೆ ಕೆಂಪು ಸಿಪ್ಪೆಯ ಹಣ್ಣು ರಸ್ತೆ ಬದಿಯಲ್ಲಿ ಗೊನೆಗೊನೆಯಾಗಿ ತೂಗುತ್ತಿತ್ತು. ಅಲ್ಲಿಂದ ಘಟ್ಟ ಹತ್ತಿದರೆ ಕರಾಟು. ಕೆಂಪು ಮಣ್ಣು, ಕಾಫಿತೋಟ, ತಣ್ಣನೆ ಗಾಳಿ. ಕಣ್ಣು ಮುಚ್ಚಿ ಬಿಟ್ಟರೆ ಕೊಪ್ಪವೋ ಮೂಡಿಗೆರೆಯೋ ಅನ್ನಬೇಕು. ರಾತ್ರಿ ಅಲ್ಲೇ ತಂಗಿದೆವು. ಊಟಕ್ಕೆ ಚಪಾತಿ ಕೊಟ್ಟರು. ಹೆಸರೂ ‘ಚಪಾತಿ’ಯೇ! ಅವರು ಮೈದಾದಲ್ಲಿ ಪದರ ಪದರ ಮಾಡಿ ಎಣ್ಣೆ ಹಾಕಿ ಬೇಯಿಸುತ್ತಾರೆ, ನಮ್ಮ ಪರೋಟದ ಹಾಗೆ. ಗಾಡಿಗೆ ‘ಗಾರಿ’, ಟೀಗೆ ‘ಚಾಯ್’. ಹಿಂದೆ ಹೋದ ನಮ್ಮ ದೇಶದವರು ಬಿಟ್ಟ ಮಾತುಗಳು ಇವು. ಸಿಂಹಕ್ಕೆ ‘ಸಿಂಬ’ ಅನ್ನುವುದು ಮಾತ್ರ ಅವರದೇ ಮಾತಂತೆ, ನಮ್ಮ ಸಿಂಹಕ್ಕೂ ಅದಕ್ಕೂ ನಂಟಿಲ್ಲ ಎಂದ ಮೈದುನ. ನಮ್ಮ ಡ್ರೈವರ್ ನನ್ನನ್ನು ಮಾತುಮಾತಿಗೆ “ಮಾಮಾ” ಎಂದಾಗ ನಮ್ಮವರಿಗೆ ನಗು ತಡೆಯಲಾಗಲಿಲ್ಲ. ಅಲ್ಲಿ ಮಾಮಾ ಎಂದರೆ ಅಮ್ಮ.

ಬೆಳಿಗ್ಗೆ ಆರಕ್ಕೆ ಗೇಟು ತೆರೆಯುತ್ತದೆ. ನಾವು ಹೋದಾಗ ಹೊರದೇಶದವರಿಗೆ ತಲೆಗೆ ಎಪ್ಪತ್ತು ಡಾಲರಿನಷ್ಟು, ಗಾಡಿ ಕುಳಿಯೊಳಗೆ ಇಳಿಯಲು ಬೇರೆ ಮುನ್ನೂರರ ಹತ್ತಿರ. ನಾನು ಮನಸ್ಸಿನಲ್ಲೇ ರೂಪಾಯಿಗೆ ಲೆಕ್ಕ ಹಾಕಲು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದೆ. ಮೈದುನ ಹಣ ಕಟ್ಟಿ ಬರುವುದರೊಳಗೆ ಒಂದು ಕೋತಿ, ಬಬೂನ್ ಎನ್ನುತ್ತಾರೆ, ನಾಯಿಯಷ್ಟು ಎತ್ತರ, ಪಕ್ಕದ ಗಾಡಿಯ ಕಿಟಕಿಯಿಂದ ಬಾಳೆಹಣ್ಣಿನ ಚೀಲವನ್ನೇ ಎಳೆದುಕೊಂಡು ಹೋಯಿತು. ಗಾಡಿಯ ಗಾಜು ಏರಿಸಿಯೇ ಇರಿ.

ಗೇಟು ದಾಟಿ ಮೇಲೇರಿದರೆ ದಟ್ಟ ಕಾಡು, ಮಂಜು. ಸುಮಾರು 2,300 ಮೀಟರ್ ಎತ್ತರ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಸ್ವೆಟರನ್ನು ಅರೂಷಾದಲ್ಲೇ ಬಿಟ್ಟಿದ್ದೆ. ಓರಗಿತ್ತಿಯ ಶಾಲು ಇಲ್ಲದಿದ್ದರೆ ನನ್ನ ಗತಿ! ಒಂದು ತಿರುವಿನಲ್ಲಿ ಗಾಡಿ ನಿಂತಿತು. ಮಂಜು ಸ್ವಲ್ಪ ಸರಿಯಿತು. ಕೆಳಗೆ ನೋಡಿದೆ.

ಏನೆಂದು ಹೇಳಲಿ? ದೊಡ್ಡದೊಂದು ಬೋಗುಣಿ. ಸುತ್ತಲೂ ಎಲ್ಲೂ ಕಡಿಯದ ಬೆಟ್ಟದ ಗೋಡೆ. ತಳದಲ್ಲಿ ಹಸಿರು ಹಳದಿ ಬಯಲು, ನಡುವೆ ಬೆಳ್ಳಿತಟ್ಟೆಯ ಹಾಗೆ ಕೆರೆ. ಗೋಡೆಯ ಎತ್ತರ ಸುಮಾರು 600 ಮೀಟರ್, ತಳದ ವಿಸ್ತಾರ ಸುಮಾರು 260 ಚದರ ಕಿಲೋಮೀಟರ್. ಇಪ್ಪತ್ತು ಇಪ್ಪತ್ತೈದು ಲಕ್ಷ ವರ್ಷಗಳ ಹಿಂದೆ ಇಲ್ಲಿ ಒಂದು ಭಾರಿ ಅಗ್ನಿಪರ್ವತವಿತ್ತು. ಒಳಗಿನ ಕರಗಿದ ಕಲ್ಲೆಲ್ಲ ಉಕ್ಕಿ ಹೊರಬಿದ್ದ ಮೇಲೆ ಹೊಟ್ಟೆ ಬರಿದಾಗಿ ತಲೆ ಕುಸಿಯಿತು. ಉಬ್ಬಿದ ಪೂರಿ ನಡುವೆ ಇಳಿದು ಅಂಚು ಮಾತ್ರ ನಿಲ್ಲುತ್ತದಲ್ಲ, ಹಾಗೆ. ಇಂಥ ಕುಳಿಗಳಲ್ಲಿ ಸಾಮಾನ್ಯವಾಗಿ ನೀರು ತುಂಬಿ ಸರೋವರವಾಗುತ್ತದೆ, ಇಲ್ಲವೇ ಗೋಡೆ ಒಂದು ಕಡೆ ಒಡೆದಿರುತ್ತದೆ. ನೀರೂ ತುಂಬದೆ, ಗೋಡೆಯೂ ಒಡೆಯದೆ ಉಳಿದವುಗಳಲ್ಲಿ ಜಗತ್ತಿಗೇ ದೊಡ್ಡದು ಇದು. 1979ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಅಂಚಿನ ರಸ್ತೆಯಲ್ಲೇ ಒಂದು ಕಲ್ಲಿನ ಗೋಪುರದಂಥ ಸಮಾಧಿ ಇದೆ. ಜರ್ಮನಿಯ ಬರ್ನಾರ್ಡ್ ಗ್ರ್ಜಿಮೆಕ್ ಮತ್ತು ಅವರ ಮಗ ಮೈಕೆಲ್ ಅವರದು. ಸಣ್ಣ ವಿಮಾನದಲ್ಲಿ ಹಾರಾಡಿ ಪಕ್ಕದ ಸೆರೆಂಗೆಟಿಯ ಪ್ರಾಣಿಗಳನ್ನು ಎಣಿಸುತ್ತಿದ್ದ ಮೈಕೆಲ್ 1959ರಲ್ಲಿ ವಿಮಾನ ಬಿದ್ದು ತೀರಿಕೊಂಡರು. ಅಪ್ಪ ಆಮೇಲೆ ಇಪ್ಪತ್ತೆಂಟು ವರ್ಷ ಬದುಕಿ 1987ರಲ್ಲಿ ಹೋದರು. ಅವರ ಬೂದಿಯನ್ನು ತಂದು ಮಗನ ಪಕ್ಕದಲ್ಲೇ ಇಟ್ಟಿದ್ದಾರೆ. ನಾನು ಎರಡು ನಿಮಿಷ ಸುಮ್ಮನೆ ನಿಂತೆ.

ಪಶ್ಚಿಮದ ಕಡೆಯಿಂದ ಇಳಿಯುವ ರಸ್ತೆ ಒಂದೇ ದಿಕ್ಕಿನದು. ಹತ್ತುವುದಕ್ಕೆ ಬೇರೆ ರಸ್ತೆ. ಕಲ್ಲುಮಣ್ಣಿನ ಹಾದಿ, ಪಕ್ಕದಲ್ಲಿ ಪ್ರಪಾತ. ಆಗುಂಬೆ ಘಾಟಿಯಲ್ಲಿ ನಿದ್ದೆ ಮಾಡುವವಳು ನಾನು, ಇಲ್ಲಿ ರಾಮನಾಮ ಜಪಿಸುತ್ತಾ ಕೂತಿದ್ದೆ. ಕೆಳಗಿಳಿದ ಮೇಲೆ ಗಾಡಿಯಿಂದ ಕಾಲು ಕೆಳಗಿಡುವ ಹಾಗಿಲ್ಲ. ಮೇಲಿನ ಮುಚ್ಚಳ ತೆಗೆದರೆ ನಿಂತು ನೋಡಬಹುದು. ಸಂಜೆ ಆರರೊಳಗೆ ಎಲ್ಲರೂ ಹೊರಗಿರಬೇಕು.

ಇಳಿದ ಹತ್ತು ನಿಮಿಷಕ್ಕೆ ಜೀಬ್ರಾ. ನೂರಾರು! ಅವುಗಳ ಜೊತೆ ವಿಲ್ಡಬೀಸ್ಟ್ ಎಂಬ ಗಡ್ಡದ ಪ್ರಾಣಿ. ಮುಖ ದನದ್ದು, ಬೆನ್ನು ಕತ್ತೆಕಿರುಬದ್ದು, ಬಾಲ ಕುದುರೆಯದು. ದೇವರು ಉಳಿದ ಸಾಮಾನಿನಲ್ಲಿ ಮಾಡಿದ ಪಲ್ಯ ಎಂದೆ ನಾನು. ಓರಗಿತ್ತಿಯ ಎಂಟು ವರ್ಷದ ಮಗ “ದೊಡ್ಡಮ್ಮ, ಸಿಂಬ!” ಎಂದು ಕೂಗಿದ. ಎರಡು ಹೆಣ್ಣು ಸಿಂಹಗಳು ಬಿಸಿಲು ತಾಳಲಾರದೆ ಎದ್ದು ಬಂದು ನಮ್ಮ ಗಾಡಿಯ ನೆರಳಿನಲ್ಲೇ ಮಲಗಿಬಿಟ್ಟವು. ನಾನು ಕೈ ಚಾಚಿದರೆ ಬೆನ್ನು ಮುಟ್ಟಬಹುದಿತ್ತು. ಚಾಚಲಿಲ್ಲ ಎಂದು ಬೇರೆ ಹೇಳಬೇಕೆ? ಅವು ಏಳುವ ತನಕ ನಾವೂ ಕದಲುವಂತಿಲ್ಲ. ಮುಕ್ಕಾಲು ಗಂಟೆ ಹಾಗೇ ಕೂತೆವು. 1962ರಲ್ಲಿ ಮಳೆ ವಿಪರೀತವಾಗಿ, ಕಚ್ಚುವ ನೊಣಗಳು ಹೆಚ್ಚಿ, ಈ ಕುಳಿಯ ಸಿಂಹಗಳಲ್ಲಿ ಬೆರಳೆಣಿಕೆಯಷ್ಟು ಬಿಟ್ಟು ಉಳಿದವೆಲ್ಲ ಸತ್ತಿದ್ದವಂತೆ. ಈಗಿರುವವು ಹೆಚ್ಚಾಗಿ ಆ ಕೆಲವೇ ಸಿಂಹಗಳ ಸಂತಾನ. ಹೊರಗಿನ ಸಿಂಹಗಳು ಗೋಡೆ ದಾಟಿ ಬರುವುದು ಅಪರೂಪ. ಹೀಗೆ ಹತ್ತಿರದ ಸಂಬಂಧದಲ್ಲೇ ಬೆಳೆಯುವುದು ಅವಕ್ಕೆ ಒಳ್ಳೆಯದಲ್ಲ ಎಂದು ವಿಜ್ಞಾನಿಗಳು ಹೇಳುತ್ತಾರೆ.

ಕೆರೆಯ ಹೆಸರು ಕೇಳಿ ನನಗೆ ಆಶ್ಚರ್ಯ. ಮಗಾಡಿ! ನಮ್ಮ ಕೆಂಪೇಗೌಡರ ಮಾಗಡಿಯೇ ಇಲ್ಲಿಗೆ ಬಂತೇ ಎಂದೆ. ಸ್ವಾಹಿಲಿಯಲ್ಲಿ ಮಗಾಡಿ ಎಂದರೆ ಸೋಡ. ಅಲ್ಲಿನ ಹೆಂಗಸರು ಕಾಳು ಬೇಗ ಬೇಯಲೆಂದು ಇದನ್ನೇ ಚಿಟಿಕೆ ಹಾಕುತ್ತಾರೆ. ಕುಳಿಯಿಂದ ನೀರು ಹೊರಗೆ ಹರಿಯಲು ದಾರಿಯಿಲ್ಲ. ಬಿಸಿಲಿಗೆ ನೀರು ಆವಿಯಾಗುತ್ತಾ ಉಪ್ಪು, ಸೋಡ ಉಳಿದುಕೊಳ್ಳುತ್ತದೆ. ಆ ನೀರಿನ ಪಾಚಿ ತಿನ್ನಲು ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ. ದೂರಕ್ಕೆ ಯಾರೋ ಗುಲಾಬಿ ಸೀರೆ ಒಣಗಲು ಹರವಿದ ಹಾಗೆ ಕಂಡಿತು. ಘೇಂಡಾಮೃಗವೂ ಸಿಕ್ಕಿತು, ಆದರೆ ಬಲು ದೂರ. ಡ್ರೈವರ್ ತೋರಿಸಿದ್ದು ಕಲ್ಲು ಎಂದುಕೊಂಡಿದ್ದೆ, ಕಲ್ಲು ಕಿವಿ ಅಲ್ಲಾಡಿಸಿತು. 1960ರ ದಶಕದಲ್ಲಿ ಇಲ್ಲಿ ನೂರಕ್ಕೂ ಹೆಚ್ಚು ಕಪ್ಪು ಘೇಂಡಾಮೃಗಗಳಿದ್ದವು. ಕೊಂಬಿನಾಸೆಗೆ ಕಳ್ಳರು ಕೊಂದು ಕೊಂದು ಕೊನೆಗೆ ಹದಿನೈದಕ್ಕೂ ಕಡಿಮೆಯಾದವು. ಈಗ ಹಗಲೂ ರಾತ್ರಿ ಕಾವಲಿಟ್ಟು ಮತ್ತೆ ಬೆಳೆಸುತ್ತಿದ್ದಾರೆ.

ಆನೆಗಳಲ್ಲಿ ಮುದಿ ಗಂಡಾನೆಗಳೇ ಹೆಚ್ಚು, ದಂತ ನೆಲ ಮುಟ್ಟುವ ಹಾಗೆ. ಹೆಣ್ಣಾನೆಗಳು ಮರಿ ಕಟ್ಟಿಕೊಂಡು ಮೇಲಿನ ಕಾಡಿನಲ್ಲೇ ಇರುತ್ತವೆ. ಜಿರಾಫೆಯಂತೂ ಒಳಗೆ ಇಲ್ಲವೇ ಇಲ್ಲ. ಕಡಿದಾದ ಇಳಿಜಾರು, ಮೇಯಲು ಸಾಕಷ್ಟು ಮರಗಳಿಲ್ಲ, ಅದಕ್ಕೇ ಎನ್ನುತ್ತಾರೆ.

ಊಟಕ್ಕೆ ಒಂದು ಬುಗ್ಗೆಯ ಹತ್ತಿರ ನಿಲ್ಲಿಸಿದರು. ಅಲ್ಲಿ ಕೆಳಗಿಳಿಯಬಹುದು, ಹೆಂಗಸರಿಗೆ ಮುಖ್ಯವಾದ ಶೌಚಾಲಯವೂ ಇದೆ. ನೀರಿನಲ್ಲಿ ನೀರಾನೆಗಳು ಮೂಗು ಮಾತ್ರ ಮೇಲಿಟ್ಟು ಬುಸುಗುಡುತ್ತಿದ್ದವು. ಚಪಾತಿ, ಟೊಮೇಟೊ ಗೊಜ್ಜು, ಪುಳಿಯೋಗರೆ ತಂದಿದ್ದೆವು. ಡ್ರೈವರ್ “ಗಾಡಿಯೊಳಗೇ ತಿನ್ನಿ ಮಾಮಾ” ಎಂದ. ಇಷ್ಟು ಚೆಂದದ ಜಾಗದಲ್ಲಿ ಗಾಡಿಯೊಳಗೇಕೆ ಎಂದು ನಮ್ಮವರು ಹುಲ್ಲಿನ ಮೇಲೆ ಕೂತರು. ಮೊದಲ ತುತ್ತು ಬಾಯಿಗೆ ಹೋಗುವ ಮೊದಲು ಒಂದು ಹದ್ದು ಹಿಂದಿನಿಂದ ಬಂದು ಕೈಯಿಂದ ಚಪಾತಿ ಕಿತ್ತುಕೊಂಡು ಹೋಯಿತು. ಗೊಜ್ಜೆಲ್ಲ ಅಂಗಿಗೆ. ಆಮೇಲೆ ಎಲ್ಲರೂ ಗಾಡಿಯೊಳಗೇ ತಿಂದೆವು.

ಈಗ ನಿಮಗೆ ಇನ್ನೊಂದು ವಿಷಯ ಹೇಳಬೇಕು. ಇದನ್ನು ಹೇಳದೆ ಸಿಂಹ, ಆನೆ ಎಂದು ಬರೆದು ಮುಗಿಸಿದರೆ ನನಗೇ ಸಮಾಧಾನವಿಲ್ಲ.

ನನ್ನ ತವರು ಭದ್ರಾ ಅಭಯಾರಣ್ಯದ ಒಳಗಿದ್ದ ಹಳ್ಳಿ. 1998ರಲ್ಲಿ ಆ ಕಾಡು ಹುಲಿ ಯೋಜನೆಗೆ ಸೇರಿತು. 2001-02ರ ಸುಮಾರಿಗೆ ಒಳಗಿದ್ದ ಹಳ್ಳಿಗಳನ್ನು ತೆರವು ಮಾಡಿದರು. ನಮ್ಮವರಿಗೆ ತರೀಕೆರೆ ಕಡೆ ಎಂ.ಸಿ. ಹಳ್ಳಿಯಲ್ಲಿ ಜಮೀನು, ಮನೆಯ ಜಾಗ ಸಿಕ್ಕಿತು. ನನ್ನ ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಅನ್ಯಾಯವಾಯಿತು ಎಂದು ನಾನು ಹೇಳುತ್ತಿಲ್ಲ, ಕೇಳಿ. ಒಳಗಿದ್ದಾಗ ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ಬಾಣಂತಿಯರು ಪಟ್ಟ ಪಾಡು ನಾನೇ ನೋಡಿದ್ದೇನೆ. ಬೆಳೆಯೆಲ್ಲ ಹಂದಿ, ಆನೆಗಳ ಪಾಲು. ಹೊರಗೆ ಬಂದ ಮೇಲೆ ಬಸ್ಸು, ಸ್ಕೂಲು, ಆಸ್ಪತ್ರೆ, ನಾಲೆಯ ನೀರು ಎಲ್ಲ ಸಿಕ್ಕಿತು. ತಮ್ಮನ ಮಕ್ಕಳು ಓದಿದರು. ಆದರೆ ಅಮ್ಮನ ಹನ್ನೊಂದು ದನಗಳಲ್ಲಿ ಒಂಬತ್ತನ್ನು ಮಾರಬೇಕಾಯಿತು, ಬಯಲುಸೀಮೆಯ ಅಂಚಿನಲ್ಲಿ ಮೇವೆಲ್ಲಿ? ಎಷ್ಟೋ ವರ್ಷದ ಮೇಲೆ ಅಪ್ಪ ಅನುಮತಿ ಪಡೆದು ಒಂದು ಸಲ ಹಳೇ ಊರಿಗೆ ಹೋಗಿಬಂದರು. “ಗದ್ದೆಯಲ್ಲಿ ಕಾಟಿ ಮೇಯ್ತಿವೆ. ನಮ್ಮ ದನಕ್ಕಿಂತ ಚೆನ್ನಾಗಿವೆ” ಅಂದರು. ಆವತ್ತು ಊಟ ಬೇಡ ಅಂದರು.

ಕುಳಿಯ ತಳದಲ್ಲಿ ನಿಂತು ಆ ಬಯಲನ್ನು ನೋಡುವಾಗ, ಇಲ್ಲಿ ಮನುಷ್ಯರೇ ಇರಲಿಲ್ಲವೇ ಎಂದು ಮೈದುನನನ್ನು ಕೇಳಿದೆ. ಇದ್ದರು. ಈ ಸಂರಕ್ಷಿತ ಪ್ರದೇಶದೊಳಗೇ, ಲೇಟೋಲಿ ಎಂಬಲ್ಲಿ, ಬೂದಿ ಗಟ್ಟಿಯಾದ ನೆಲದ ಮೇಲೆ 36 ಲಕ್ಷ ವರ್ಷ ಹಿಂದಿನ ಹೆಜ್ಜೆಗುರುತುಗಳು ಸಿಕ್ಕಿವೆ. ಮನುಷ್ಯನ ಪೂರ್ವಿಕರು ಎರಡೇ ಕಾಲಿನಲ್ಲಿ ನಡೆದು ಹೋದ ಗುರುತು. ಮೊದಲನೇ ಮಹಾಯುದ್ಧಕ್ಕೆ ಮುಂಚೆ ಸೀಡೆನ್‌ಟಾಪ್ಫ್ ಎಂಬ ಜರ್ಮನ್ ಸೋದರರು ಈ ಕುಳಿಯಲ್ಲೇ ಬೇಸಾಯ, ದನ ಇಟ್ಟುಕೊಂಡಿದ್ದರು. ಅವರ ಮನೆಯ ಅವಶೇಷ ಇನ್ನೂ ಇದೆ. ಮಾಸಾಯಿಗಳಂತೂ ಅವರಿಗಿಂತ ಮುಂಚಿನಿಂದ ಇಲ್ಲಿ ದನ ಮೇಯಿಸುತ್ತಿದ್ದವರು.

1959ರಲ್ಲಿ ಮಾಸಾಯಿಗಳನ್ನು ಸೆರೆಂಗೆಟಿಯಿಂದ ಬಿಡಿಸಿದಾಗ, ಗೊರೊಂಗೊರೊ ಕಡೆ ಜನ, ದನ, ಕಾಡುಪ್ರಾಣಿ ಒಟ್ಟಿಗೇ ಇರಬಹುದು ಎಂದು ಈ 8,292 ಚದರ ಕಿಲೋಮೀಟರ್ ಪ್ರದೇಶವನ್ನು ಬೇರೆಯಾಗಿ ಮಾಡಿದರು. 1974ರಲ್ಲಿ ಕುಳಿಯ ತಳದಲ್ಲಿದ್ದ ಹಟ್ಟಿಗಳನ್ನು ಎಬ್ಬಿಸಿದರು. ಆಮೇಲೂ ಉಪ್ಪುಮಣ್ಣು ನೆಕ್ಕಿಸಲು ದನಗಳನ್ನು ಕೆಳಗಿಳಿಸುತ್ತಿದ್ದರು, 2017ರಿಂದೀಚೆಗೆ ಅದಕ್ಕೂ ನಿಷೇಧ. ಒಂದು ವಿಚಿತ್ರ ಕೇಳಿ. ಮಾಸಾಯಿಗಳು ಹಳೆ ಹುಲ್ಲಿಗೆ ಬೆಂಕಿ ಕೊಟ್ಟು ಚಿಗುರು ಬರಿಸುತ್ತಿದ್ದರು. ಅವರು ಹೋದ ಮೇಲೆ ಹುಲ್ಲು ಒರಟಾಗಿ ಎತ್ತರ ಬೆಳೆಯಿತು. ಅದನ್ನು ತಿನ್ನಬಲ್ಲ ಕಾಡೆಮ್ಮೆಗಳು ಸಾವಿರಾರಾದವು, ಗಿಡ್ಡ ಹುಲ್ಲಿನ ವಿಲ್ಡಬೀಸ್ಟ್ ಕಡಿಮೆಯಾದವು. ದನ ಹೋದರೆ ಕಾಡು ಇದ್ದ ಹಾಗೇ ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ.

ಮೇಲೆ ಹತ್ತಿ ಬಂದ ಮೇಲೆ ಅಂಚಿನಾಚೆ ಒಂದು ಮಾಸಾಯಿ ಹಟ್ಟಿಗೆ ಹೋದೆವು. ಸುತ್ತ ಮುಳ್ಳಿನ ಬೇಲಿ, ನಡುವೆ ದನದ ದೊಡ್ಡಿ, ಕಡ್ಡಿ ನೇಯ್ದು ಸಗಣಿ ಮಣ್ಣು ಬಳಿದ ಗಿಡ್ಡ ಮನೆಗಳು. ಮನೆ ಕಟ್ಟುವುದು ಹೆಂಗಸರ ಕೆಲಸವಂತೆ! ಮಣಿಸರ ಮಾರುತ್ತಿದ್ದ ಮುದುಕಿಯೊಬ್ಬರಿಗೆ ಓರಗಿತ್ತಿ ಹೇಳಿಕೊಟ್ಟಂತೆ “ಶಿಕಾಮೂ” ಎಂದೆ. ಹಿರಿಯರಿಗೆ ಕಿರಿಯರು ಹೇಳುವ ನಮಸ್ಕಾರ. “ಮರಹಾಬಾ” ಎಂದು ಕೈ ಹಿಡಿದುಕೊಂಡರು. ಮೊಮ್ಮಗಳು ಅವರ ಮಾತನ್ನು ಸ್ವಾಹಿಲಿಗೆ, ಮೈದುನ ಅದನ್ನು ಕನ್ನಡಕ್ಕೆ ತಿರುಗಿಸಿದರು. ಅವರು ಕೇಳಿದ ಮೊದಲ ಪ್ರಶ್ನೆ, ನಿನಗೆ ದನ ಎಷ್ಟು? ಒಂದೂ ಇಲ್ಲ, ಪ್ಯಾಕೆಟ್ ಹಾಲು ಎಂದೆ. ಪಾಪ ಎನ್ನುವ ಹಾಗೆ ನೋಡಿದರು. ಅಮ್ಮನ ಹನ್ನೊಂದು ದನದ ಕಥೆ ಹೇಳಿಸಿದೆ, ಹುಲಿಗಾಗಿ ಊರು ಬಿಟ್ಟದ್ದನ್ನೂ ಹೇಳಿಸಿದೆ. ಅವರು ಕುಳಿಯ ಕಡೆ ಗದ್ದ ಎತ್ತಿ ತೋರಿಸಿ, ತಾವು ಹುಟ್ಟಿದ್ದು ಅಲ್ಲೇ ಕೆಳಗೆ ಎಂದರು. ಈಗ ಈ ಹಟ್ಟಿಯನ್ನೂ ಬಿಡಬೇಕಾಗಬಹುದೇನೋ. 2022ರಿಂದ ಸರ್ಕಾರ ಈ ಪ್ರದೇಶದ ಜನರನ್ನು ದೂರದ ತಾಂಗಾ ಪ್ರಾಂತ್ಯದ ಎಂಸೊಮೆರಾ ಎಂಬಲ್ಲಿಗೆ ಮನೆ, ಜಮೀನು ಕೊಟ್ಟು ಕಳುಹಿಸುತ್ತಿದೆ. ಜನ, ದನ ಹೆಚ್ಚಾಗಿ ಕಾಡಿಗೆ ಭಾರವಾಗಿದೆ ಎಂದು ಅದರ ವಾದ. ಕೆಲವರು ಒಪ್ಪಿ ಹೋಗಿದ್ದಾರೆ. ಬೇಡವೆನ್ನುವವರು ನಾವು ಹೋಗುವುದಕ್ಕೆ ಒಂದು ತಿಂಗಳ ಮೊದಲು, 2024ರ ಆಗಸ್ಟಿನಲ್ಲಿ, ಸಾವಿರಾರು ಜನ ರಸ್ತೆಗಿಳಿದಿದ್ದರು. “ಹೊಸ ಜಾಗದಲ್ಲಿ ನಿಮ್ಮಮ್ಮ ಚೆನ್ನಾಗಿದ್ದಾಳಾ?” ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ಸುಳ್ಳಲ್ಲ. ಆದರೂ ಹೇಳುವಾಗ ನಾಲಿಗೆ ತಡವರಿಸಿತು.

ಅಷ್ಟು ಮಾತಾದ ಮೇಲೆ ಸರದ ಬೆಲೆ ಸ್ವಲ್ಪ ಇಳಿಸಬಹುದು ಎಂದುಕೊಂಡೆ. ಒಂದು ಶಿಲ್ಲಿಂಗೂ ಇಳಿಸಲಿಲ್ಲ, ಗಟ್ಟಿಗಿತ್ತಿ!

ಹೋಗುವವರಿಗೆ ಒಂದೆರಡು ಮಾತು. ಜೂನ್‌ನಿಂದ ಅಕ್ಟೋಬರ್ ತನಕ ಮಳೆ ಕಡಿಮೆ. ಸ್ವೆಟರ್ ಮರೆಯಬೇಡಿ. ಧೂಳು ಬಹಳ, ಸೀರೆಗಿಂತ ಚೂಡಿದಾರ ವಾಸಿ, ತಲೆಗೆ ಕಟ್ಟಲು ಒಂದು ವಸ್ತ್ರವಿರಲಿ. ಲಸಿಕೆ ಮತ್ತು ಮಲೇರಿಯಾ ಮಾತ್ರೆಯ ವಿಷಯ ಮೊದಲೇ ಡಾಕ್ಟರರನ್ನು ಕೇಳಿ. ಪುಳಿಯೋಗರೆ ಕೆಡುವುದಿಲ್ಲ, ಅದನ್ನೇ ಒಯ್ಯಿರಿ.

ಊರಿಗೆ ಬಂದು ಹದಿನೈದು ದಿನಕ್ಕೆ ಅಮ್ಮನ ಹತ್ತಿರ ಹೋದೆ. ಫೋನಿನಲ್ಲಿ ಫೋಟೊ ಒಂದೊಂದೇ ತೋರಿಸಿದೆ. ಸಿಂಹ ನೋಡಿ “ಹೂಂ” ಅಂದಳು. ಆನೆ ನೋಡಿ “ಇದನ್ನ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ” ಅಂದಳು. ಹಟ್ಟಿಯ ಫೋಟೊ ಬಂದಾಗ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಹತ್ತಿರ ಹಿಡಿದು ನೋಡಿದಳು.

“ಕರುಗಳನ್ನ ಎಲ್ಲಿ ಕಟ್ತಾರೆ?” ಅಂದಳು.

“ಮನೆ ಒಳಗೇ ಅಮ್ಮ. ಚಿಕ್ಕ ಕರುಗಳಿಗೆ ಒಳಗೇ ಒಂದು ಮೂಲೆ ಮಾಡಿರ್ತಾರೆ.”

“ಹಾಗಾದ್ರೆ ಒಳ್ಳೇ ಜನ ಬಿಡು” ಎಂದು ಫೋನ್ ವಾಪಸ್ಸು ಕೊಟ್ಟು, ಹಾಲು ಕಾಯಿಸಲು ಎದ್ದಳು.